ಎಡಿಟ್ ಮುಗಿದ ಮೇಲೆ ಸೌಂಡ್ ಮಿಕ್ಸಿಂಗ್‌ಗೆ ಏನು ಕಳಿಸಬೇಕು? ಎಎಎಫ್, ಒಎಂಎಫ್, ಎಕ್ಸ್‌ಎಂಎಲ್, ಸ್ಟೆಮ್ ಹೋಲಿಕೆ

"ಸರ, ಪ್ರಾಜೆಕ್ಟ್ ಫೈಲ್ ಕಳಿಸೇನ್ರಿ, ಮಿಕ್ಸ್ ಮಾಡಿ ಕೊಡ್ರಿ." ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಎಡಿಟರ್ ಗೆಳೆಯರಿಂದ ನನಗೆ ಈ ಮೆಸೇಜ್ ಆಗಾಗ ಬರುತ್ತದೆ. ಫೈಲ್ ನೋಡಿದರೆ ಕೆಲವೇ ಎಂಬಿ. ಅದರೊಳಗೆ ಧ್ವನಿ ಇರುವುದೇ ಇಲ್ಲ. ಯಾವ ತುಣುಕು ಯಾವ ಫೋಲ್ಡರ್‌ನಲ್ಲಿದೆ, ಎಲ್ಲಿಂದ ಎಲ್ಲಿವರೆಗೆ ಕತ್ತರಿಸಿದ್ದಾರೆ ಎಂಬ ಪಟ್ಟಿ ಮಾತ್ರ ಇರುತ್ತದೆ. ಅದು ಅಡೋಬ್‌ನ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ಪ್ರಾಜೆಕ್ಟ್ ಆಗಿದ್ದರೆ ಮಿಕ್ಸಿಂಗ್ ಸಾಫ್ಟ್‌ವೇರ್‌ಗಳು ಅದನ್ನು ತೆರೆಯುವುದಿಲ್ಲ: ಪ್ರೊ ಟೂಲ್ಸ್ ಓದುವುದಿಲ್ಲ, ನುಯೆಂಡೊ ಓದುವುದಿಲ್ಲ, ರೀಪರ್ ಕೂಡ ಓದುವುದಿಲ್ಲ.

ಹಾಗಾದರೆ ಏನು ಕಳಿಸಬೇಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೆಂಗಳೂರಿನ ಸ್ಟುಡಿಯೊದವರು ಎಎಎಫ್ (ಎಡಿಟ್ ಅನ್ನು ಬೇರೆ ಸಾಫ್ಟ್‌ವೇರ್‌ಗೆ ಸಾಗಿಸುವ ಫೈಲ್) ಬೇಕು ಅಂತಾರೆ. ಇನ್ನೊಬ್ಬರು ಅದೇ ಕೆಲಸದ ಹಳೆಯ ಬಗೆಯಾದ ಒಎಂಎಫ್ ಸಾಕು ಅಂತಾರೆ. ಊರಿನ ಗೆಳೆಯರು "ಎಲ್ಲಾ ಟ್ರ್ಯಾಕ್ ವೇವ್ ಮಾಡಿ ಕೊಟ್ಟುಬಿಡು" ಎನ್ನುತ್ತಾರೆ. ಮೂವರ ಮಾತೂ ಒಂದೊಂದು ಕೆಲಸಕ್ಕೆ ಸರಿ. ನಿಮ್ಮ ಕೆಲಸಕ್ಕೆ ಯಾವುದು ಸರಿ ಎಂದು ನೀವೇ ನಿರ್ಧರಿಸಬೇಕಾದರೆ ಮೊದಲು ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು.

ಮೊದಲು ಈ ಪ್ರಶ್ನೆಗಳು

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು: ಆ ಕಡೆ ಕುಳಿತವರು ನಿಮ್ಮ ಎಡಿಟ್‌ನಲ್ಲಿ ಎಷ್ಟು ಕೈಯಾಡಿಸಬೇಕು? ಬರೀ ಸದ್ದಿನ ಮಟ್ಟ ಸರಿ ಮಾಡಿದರೆ ಸಾಕೇ? ಇಲ್ಲ, ಒಂದೊಂದು ಮಾತಿನ ಕಟ್ ಬಿಚ್ಚಿ, ಫೇಡ್ ಬದಲಿಸಿ, ಹಿನ್ನೆಲೆ ಸದ್ದು ತುಂಬಬೇಕೇ? ಮುಂದಿನ ಆಯ್ಕೆಯೆಲ್ಲ ಬಹುಪಾಲು ಇದರ ಮೇಲೆಯೇ ನಿಲ್ಲುತ್ತದೆ.

ಎರಡನೆಯದು, ಅವರ ಬಳಿ ಯಾವ ಸಾಫ್ಟ್‌ವೇರ್ ಇದೆ. ಇದನ್ನು ಫೋನ್ ಮಾಡಿ ಕೇಳಿದರೆ ಆಯಿತು. ಆದರೂ ಬಹಳ ಜನ ಕೇಳುವುದಿಲ್ಲ.

ಮೂರನೆಯದು ಹ್ಯಾಂಡಲ್. ಕಟ್ ಮಾಡಿದ ತುಣುಕಿನ ಹಿಂದೆ ಮುಂದೆ ಉಳಿಸಿಕೊಡುವ ಹೆಚ್ಚುವರಿ ಧ್ವನಿಗೆ ಹಾಗೆನ್ನುತ್ತಾರೆ. ಇದರ ಬೆಲೆ ನಮ್ಮ ಕಡೆಯ ಶೂಟಿಂಗ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಇಳಕಲ್‌ನಲ್ಲಿ ಒಬ್ಬ ನೇಕಾರರನ್ನು ಮಗ್ಗದ ಪಕ್ಕದಲ್ಲೇ ಮಾತಾಡಿಸಿದ್ದೀರಿ ಎಂದುಕೊಳ್ಳಿ. ಮಾತಿನ ಕೆಳಗೆ ಮಗ್ಗದ ಸದ್ದು ಬಡಿಯುತ್ತಲೇ ಇರುತ್ತದೆ. ಅದನ್ನು ತಗ್ಗಿಸಬೇಕಾದರೆ ಮಿಕ್ಸ್ ಮಾಡುವವರಿಗೆ ಮಾತಿಲ್ಲದೆ ಬರೀ ಸದ್ದು ಇರುವ ಒಂದೆರಡು ಸೆಕೆಂಡ್ ಬೇಕು. ಎಡಿಟರ್ ಮಾತು ಶುರುವಾಗುವ ಜಾಗಕ್ಕೇ ಕತ್ತರಿ ಹಾಕಿ ಕಳಿಸಿದರೆ ಆ ಸೆಕೆಂಡ್‌ಗಳು ಹೋಯಿತು. ಹ್ಯಾಂಡಲ್ ಇದ್ದರೆ ತುಣುಕಿನ ಅಂಚು ಹಿಡಿದು ಎಳೆದರೆ ಸಾಕು, ಸದ್ದು ಸಿಗುತ್ತದೆ.

ಗೋಲಗುಮ್ಮಟದ ಒಳಗೆ ರೆಕಾರ್ಡ್ ಮಾಡಿದವರಿಗೆ ಇನ್ನೊಂದು ತೊಂದರೆ ಗೊತ್ತಿರುತ್ತದೆ. ಅಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಪ್ರತಿಧ್ವನಿ ಸುತ್ತಿ ಸುತ್ತಿ ಬರುತ್ತದೆ. ಎಡಿಟರ್ ಚಿತ್ರ ನೋಡಿಕೊಂಡು ಕಟ್ ಮಾಡಿದಾಗ ಆ ಪ್ರತಿಧ್ವನಿಯ ಬಾಲ ಅರ್ಧಕ್ಕೇ ತುಂಡಾಗುತ್ತದೆ. ಯಾವ ರಿವರ್ಬ್ ಪ್ಲಗಿನ್ ಹಾಕಿದರೂ ಆ ನಿಜವಾದ ಬಾಲ ಮತ್ತೆ ಹುಟ್ಟುವುದಿಲ್ಲ. ಅಂಥ ಜಾಗದ ಕೆಲಸಕ್ಕೆ 10 ಸೆಕೆಂಡ್ ಹ್ಯಾಂಡಲ್ ಕೊಡಿ ಎಂದು ನಾನು ಕೇಳುತ್ತೇನೆ. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಅದು 250 ಫ್ರೇಮ್. ಸಾಮಾನ್ಯ ಕೆಲಸಕ್ಕೆ 5 ಸೆಕೆಂಡ್, ಅಂದರೆ 125 ಫ್ರೇಮ್ ಸಾಕು.

ನಾಲ್ಕನೆಯದು ಗಾತ್ರ. 48 ಕಿಲೊಹರ್ಟ್ಸ್, 24 ಬಿಟ್‌ನ ಒಂದು ಮೊನೊ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ ತಿನ್ನುತ್ತದೆ. ಗಂಟೆಗೆ ಸುಮಾರು 518 ಎಂಬಿ. ಸ್ಟೀರಿಯೊ ಆದರೆ ಎರಡರಷ್ಟು. ನಿಮ್ಮ ಊರಿನ ಅಪ್‌ಲೋಡ್ ವೇಗ ನೋಡಿಕೊಂಡು ಲೆಕ್ಕ ಹಾಕಿ. 10 ಎಂಬಿಪಿಎಸ್ ಅಪ್‌ಲೋಡ್ ಪೂರ್ತಿ ಸಿಕ್ಕರೂ 1 ಜಿಬಿ ಹೋಗಲು ಕಾಲು ಗಂಟೆ ಹತ್ತಿರ ಬೇಕು.

ಕೊನೆಯದು: ಮಿಕ್ಸಿಂಗ್ ಶುರುವಾದ ಮೇಲೆ ಚಿತ್ರದ ಎಡಿಟ್ ಬದಲಾಗುತ್ತದಾ? ಪಿಕ್ಚರ್ ಲಾಕ್ ಆಗಿದೆ, ಇನ್ನು ಚಿತ್ರ ಬದಲಾಗುವುದಿಲ್ಲ ಎಂದು ಹೇಳಿ ಆಮೇಲೆ ಎರಡು ಶಾಟ್ ತೆಗೆಯುವುದು ಎಲ್ಲ ಕಡೆ ನಡೆಯುವ ಸಂಗತಿ. ಅದಕ್ಕೆ ಸ್ವಲ್ಪ ಜಾಗ ಇಟ್ಟುಕೊಂಡಿರಬೇಕು.

ಈಗ ಒಂದೊಂದೇ ದಾರಿ ನೋಡೋಣ.

ಎಎಎಫ್: ಇಂದಿನ ಮುಖ್ಯ ದಾರಿ

ಎಎಎಫ್ ಅಂದರೆ ಅಡ್ವಾನ್ಸ್ಡ್ ಆಥರಿಂಗ್ ಫಾರ್ಮ್ಯಾಟ್. ಬೇರೆ ಬೇರೆ ಕಂಪನಿಗಳ ಸಾಫ್ಟ್‌ವೇರ್ ನಡುವೆ ಎಡಿಟ್ ಸಾಗಿಸಲೆಂದೇ ಮಾಡಿದ್ದು. ಪ್ರತಿ ತುಣುಕು ಟೈಮ್‌ಲೈನ್‌ನಲ್ಲಿ ಎಲ್ಲಿತ್ತೋ ಅಲ್ಲೇ ಬಂದು ಕೂರುತ್ತದೆ. ಟ್ರ್ಯಾಕ್ ಹೆಸರು, ಫೇಡ್, ತುಣುಕಿನ ವಾಲ್ಯೂಮ್, ನೀವು ಎಳೆದ ವಾಲ್ಯೂಮ್ ಗೆರೆ, ಪ್ಯಾನ್ ಇವೂ ಸಾಮಾನ್ಯವಾಗಿ ಜೊತೆಗೆ ಬರುತ್ತವೆ. ಪ್ರೊ ಟೂಲ್ಸ್, ನುಯೆಂಡೊ, ಲಾಜಿಕ್ ಪ್ರೊ, ಡಾವಿಂಚಿ ರಿಸಾಲ್ವ್ ಎಲ್ಲವೂ ಇದನ್ನು ಓದುತ್ತವೆ.

ಬಾರದೇ ಇರುವುದು ಏನು? ನೀವು ಹಾಕಿದ ಈಕ್ಯೂ, ಕಂಪ್ರೆಸರ್, ನಾಯ್ಸ್ ರಿಡಕ್ಷನ್ ಬರುವುದಿಲ್ಲ. ಅದು ಬರದಿರುವುದೇ ಒಳ್ಳೆಯದು ಎಂದು ನನ್ನ ಅನಿಸಿಕೆ. ಎಡಿಟಿಂಗ್ ಟೇಬಲ್‌ನಲ್ಲಿ ಲ್ಯಾಪ್‌ಟಾಪ್ ಸ್ಪೀಕರ್ ಕೇಳಿಕೊಂಡು ಹಾಕಿದ ಎಫೆಕ್ಟ್ ಮಿಕ್ಸಿಂಗ್ ರೂಮಿನಲ್ಲಿ ಬಹುತೇಕ ತೆಗೆಯಬೇಕಾಗಿಯೇ ಬರುತ್ತದೆ. ಯಾವುದಾದರೂ ಎಫೆಕ್ಟ್ ಕಥೆಗೇ ಬೇಕಾದದ್ದಾದರೆ, ಉದಾಹರಣೆಗೆ ಫೋನಿನಿಂದ ಬರುವ ಧ್ವನಿ, ಅದನ್ನು ರೆಂಡರ್ ಮಾಡಿ ಪಕ್ಕದ ಟ್ರ್ಯಾಕ್‌ನಲ್ಲಿ ಇಡಿ. ಮೂಲ ಧ್ವನಿಯನ್ನೂ ಬಿಡಬೇಡಿ.

ಎಎಎಫ್ ಮಾಡುವಾಗ ಎರಡು ಆಯ್ಕೆ ಎದುರಾಗುತ್ತವೆ. ಒಂದು ಎಂಬೆಡ್: ಧ್ವನಿಯೆಲ್ಲ ಒಂದೇ ಫೈಲಿನ ಒಳಗೆ. ಇನ್ನೊಂದು ಲಿಂಕ್: ಎಎಎಫ್ ಸಣ್ಣ ಫೈಲ್ ಆಗಿರುತ್ತದೆ, ಧ್ವನಿ ಪಕ್ಕದ ಫೋಲ್ಡರ್‌ನಲ್ಲಿ ಇರುತ್ತದೆ. ಸಣ್ಣ ಕೆಲಸಕ್ಕೆ ಎಂಬೆಡ್ ಸುಲಭ, ಕಳೆದುಹೋಗುವ ಭಯ ಇಲ್ಲ. ಕಿರುಚಿತ್ರ, ಡಾಕ್ಯುಮೆಂಟರಿಯಂಥ ದೊಡ್ಡ ಕೆಲಸಕ್ಕೆ ಲಿಂಕ್ ಒಳ್ಳೆಯದು. ಒಂದೇ ದೊಡ್ಡ ಫೈಲ್ ಕೆಟ್ಟರೆ ಎಲ್ಲಾ ಕೆಟ್ಟ ಹಾಗೆ. ಲಿಂಕ್‌ನಲ್ಲಿ ಒಂದು ತುಣುಕು ಕೆಟ್ಟರೆ ಅದೊಂದನ್ನೇ ಮತ್ತೆ ಕಳಿಸಬಹುದು. ಆದರೆ ಫೋಲ್ಡರ್ ಸಮೇತ ಜಿಪ್ ಮಾಡಿ ಕಳಿಸಬೇಕು. ಎಎಎಫ್ ಒಂದನ್ನೇ ಕಳಿಸಿ ಫೋಲ್ಡರ್ ಮರೆತರೆ ಆ ಕಡೆ ಖಾಲಿ ಪೆಟ್ಟಿಗೆಗಳು ಮಾತ್ರ ಕಾಣುತ್ತವೆ.

ಪ್ರೀಮಿಯರ್‌ನಲ್ಲಿ ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಒಳಗೇ ಎಎಎಫ್ ಇದೆ. ಅಲ್ಲಿ ಬ್ರಾಡ್‌ಕಾಸ್ಟ್ ವೇವ್, 48000, 24 ಬಿಟ್ ಆರಿಸಿ. ತುಣುಕಿಗೆ ತಕ್ಕಂತೆ ಟ್ರಿಮ್ ಮಾಡುವುದನ್ನು ಆರಿಸಿ, ಹ್ಯಾಂಡಲ್ ಫ್ರೇಮ್ ಸಂಖ್ಯೆ ಕೊಡಿ. ಪೂರ್ತಿ ಫೈಲ್ ಕಾಪಿ ಮಾಡುವ ಆಯ್ಕೆಯೂ ಇದೆ. ಆದರೆ 2 ಗಂಟೆಯ ಇಂಟರ್‌ವ್ಯೂನಿಂದ 4 ನಿಮಿಷ ಬಳಸಿದ್ದರೂ ಪೂರ್ತಿ 2 ಗಂಟೆ ಜೊತೆಗೆ ಹೋಗುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಕೊಡುವುದಾದರೆ ಪರವಾಗಿಲ್ಲ, ನೆಟ್‌ನಲ್ಲಿ ಕಳಿಸುವುದಾದರೆ ಬೇಡ.

ರಿಸಾಲ್ವ್‌ನಲ್ಲಿ ಡೆಲಿವರ್ ಪುಟಕ್ಕೆ ಹೋದರೆ ಪ್ರೊ ಟೂಲ್ಸ್ ಎಂಬ ಪ್ರಿಸೆಟ್ ಸಿಗುತ್ತದೆ. ಅದು ಎಎಎಫ್, ಧ್ವನಿಯ ತುಣುಕುಗಳು, ನೋಡಿಕೊಳ್ಳಲು ವಿಡಿಯೊ ಎಲ್ಲವನ್ನೂ ಸೇರಿಸಿ ಕೊಡುತ್ತದೆ. ಉಚಿತ ಆವೃತ್ತಿಯಲ್ಲೂ ಈ ಕೆಲಸ ಆಗುತ್ತದೆ. ಕೈಯಲ್ಲಿ ಹಣ ಕಡಿಮೆ ಇರುವ ಹೊಸಬರಿಗೆ ಇದು ದೊಡ್ಡ ಅನುಕೂಲ.

ಎಎಎಫ್‌ನಲ್ಲಿ ತೊಂದರೆ ಬರುವ ಜಾಗಗಳೂ ಗೊತ್ತಿರಲಿ. ನೆಸ್ಟ್ ಮಾಡಿದ ಸೀಕ್ವೆನ್ಸ್ (ಒಂದು ಟೈಮ್‌ಲೈನ್ ಒಳಗೆ ಇಟ್ಟ ಇನ್ನೊಂದು ಟೈಮ್‌ಲೈನ್) ಇದ್ದರೆ ಒಳಗಿನ ತುಣುಕುಗಳು ಬೇರೆ ಬೇರೆಯಾಗಿ ಬರುವ ಭರವಸೆ ಇಲ್ಲ, ಆದ್ದರಿಂದ ಮೊದಲೇ ಬಿಚ್ಚಿ. ಹಲವು ಕ್ಯಾಮೆರಾ ಒಟ್ಟಿಗೆ ಜೋಡಿಸಿದ ಮಲ್ಟಿಕ್ಯಾಮ್ ಇದ್ದರೆ ಫ್ಲ್ಯಾಟನ್ ಮಾಡಿ, ಅಂದರೆ ಆರಿಸಿದ ಕ್ಯಾಮೆರಾದ ತುಣುಕು ಮಾತ್ರ ಉಳಿಸಿ. ವೇಗ ಬದಲಿಸಿದ ತುಣುಕು ಇದ್ದರೆ ರೆಂಡರ್ ಮಾಡಿ ಇಡಿ. ಇನ್ನೊಂದು, ಸ್ಟೀರಿಯೊ ಮೊನೊ ಗೊಂದಲ. ಕ್ಯಾಮೆರಾದ ಎಡ ಚಾನೆಲ್‌ಗೆ ಕಾಲರ್ ಮೈಕ್, ಬಲಕ್ಕೆ ಕ್ಯಾಮೆರಾದ ಸ್ವಂತ ಮೈಕ್ ಹಾಕಿ ಶೂಟ್ ಮಾಡುವವರು ನಮ್ಮಲ್ಲಿ ಬಹಳ. ಅದನ್ನು ಸ್ಟೀರಿಯೊ ತುಣುಕಾಗಿಯೇ ಕಳಿಸಿದರೆ ಎಡ ಕಿವಿಯಲ್ಲಿ ಮಾತು, ಬಲ ಕಿವಿಯಲ್ಲಿ ಗದ್ದಲ. ಎಡಿಟ್ ಶುರು ಮಾಡುವ ಮೊದಲೇ ಆ ಎರಡನ್ನೂ ಬೇರೆ ಬೇರೆ ಮೊನೊ ಎಂದು ಗುರುತಿಸಿಬಿಟ್ಟರೆ ಕಡೆವರೆಗೂ ತಲೆನೋವು ಇರುವುದಿಲ್ಲ.

ಒಎಂಎಫ್: ಹಳೆಯದು, ಇನ್ನೂ ಉಸಿರಾಡುತ್ತಿದೆ

ಒಎಂಎಫ್ (ಓಪನ್ ಮೀಡಿಯಾ ಫ್ರೇಮ್‌ವರ್ಕ್) ಎಎಎಫ್‌ಗಿಂತ ಹಳೆಯದು. 1990ರ ದಶಕದಲ್ಲಿ ಆವಿಡ್ ಕಂಪನಿ ತಂದದ್ದು. ತುಣುಕುಗಳ ಜಾಗ ಸರಿಯಾಗಿ ಬರುತ್ತದೆ. ವಾಲ್ಯೂಮ್ ಗೆರೆ, ಪ್ಯಾನ್ ಬರುವ ಖಾತ್ರಿ ಇಲ್ಲ.

ಇದರ ದೊಡ್ಡ ಕೊರತೆ 2 ಜಿಬಿ ಮಿತಿ. ಧ್ವನಿಯನ್ನು ಒಳಗೇ ತುಂಬಿದ ಒಎಂಎಫ್ ಅದನ್ನು ದಾಟುವಂತಿಲ್ಲ. ಮೇಲಿನ ಲೆಕ್ಕದ ಪ್ರಕಾರ 24 ಬಿಟ್‌ನ ಮೊನೊ ಧ್ವನಿ ಒಟ್ಟು ಸುಮಾರು 4 ಗಂಟೆ ಹಿಡಿಸುತ್ತದೆ. ಕೇಳಲು ಜಾಸ್ತಿ ಅನಿಸುತ್ತದೆ, ಅಲ್ವಾ? ಆದರೆ ಉದ್ದಕ್ಕೂ ತುಂಬಿದ 10 ಟ್ರ್ಯಾಕ್ ಇದ್ದರೆ 25 ನಿಮಿಷದೊಳಗೇ ಮುಗಿಯಿತು. ಬಾದಾಮಿಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬರುತ್ತವಲ್ಲ, ಅಂಥ ಒಂದು ನಾಟಕವನ್ನು 8 ಮೈಕ್ ಇಟ್ಟು 3 ಗಂಟೆ ರೆಕಾರ್ಡ್ ಮಾಡಿದರೆ 12 ಜಿಬಿ ದಾಟುತ್ತದೆ. ಅಲ್ಲಿ ಒಎಂಎಫ್ ಮಾತೇ ಇಲ್ಲ.

ಹಾಗಾದರೆ ಯಾಕೆ ಹೇಳುತ್ತಿದ್ದೇನೆ? ಅಡೋಬ್‌ನ ಧ್ವನಿ ಸಾಫ್ಟ್‌ವೇರ್ ಆಡಿಷನ್ ಒಎಂಎಫ್ ತೆರೆಯುತ್ತದೆ. ಹಳೆಯ ಕಂಪ್ಯೂಟರ್‌ನಲ್ಲಿ ಹಳೆಯ ಆವೃತ್ತಿ ಇಟ್ಟುಕೊಂಡು ಒಳ್ಳೆಯ ಕೆಲಸ ಮಾಡುವ ಸ್ಟುಡಿಯೊಗಳು ಈಗಲೂ ಇವೆ. 5 ನಿಮಿಷದ ಜನಪದ ಹಾಡಿನ ವಿಡಿಯೊ, 10 ನಿಮಿಷದ ಕಾಮಿಡಿ ಕಂತು ಇಂಥವಕ್ಕೆ ಒಎಂಎಫ್ ಕೆಲಸ ನಡೆಸುತ್ತದೆ. ಆ ಕಡೆಯವರು ಎಎಎಫ್ ತೆರೆಯಬಲ್ಲರಾದರೆ ಮಾತ್ರ ಒಎಂಎಫ್ ಆರಿಸಲು ಕಾರಣವೇ ಉಳಿಯುವುದಿಲ್ಲ.

ಎಕ್ಸ್‌ಎಂಎಲ್: ಮ್ಯಾಕ್ ಇದ್ದವರಿಗೆ

ಫೈನಲ್ ಕಟ್ ಪ್ರೊ ಬಳಸುವವರ ಕಷ್ಟ ಬೇರೆ. ಅದು ಎಎಎಫ್ ಅನ್ನು ತಾನಾಗಿ ಕೊಡುವುದಿಲ್ಲ. ತನ್ನದೇ ಎಕ್ಸ್‌ಎಂಎಲ್, ಅಂದರೆ ಎಡಿಟ್‌ನ ವಿವರ ಬರೆದ ಫೈಲ್, ಕೊಡುತ್ತದೆ. ಆ ಎಕ್ಸ್‌ಎಂಎಲ್ ಅನ್ನು ಲಾಜಿಕ್ ಪ್ರೊ ನೇರವಾಗಿ ತೆರೆಯುತ್ತದೆ. ಎರಡೂ ಆಪಲ್‌ನವೇ ಆದ್ದರಿಂದ ಈ ಜೋಡಿ ಹೊಂದಿಕೊಳ್ಳುತ್ತದೆ. ರಿಸಾಲ್ವ್ ಕೂಡ ತೆರೆಯುತ್ತದೆ. ಮಿಕ್ಸ್ ಮಾಡುವವರು ಪ್ರೊ ಟೂಲ್ಸ್‌ನಲ್ಲಿದ್ದರೆ ನಡುವೆ ಒಂದು ಸೇತುವೆ ಬೇಕು. ಎಕ್ಸ್‌ಟುಪ್ರೊ ಎಂಬ ಆಪ್ ಫೈನಲ್ ಕಟ್‌ನ ಎಕ್ಸ್‌ಎಂಎಲ್ ಅನ್ನು ಎಎಎಫ್ ಮಾಡಿ ಕೊಡುತ್ತದೆ. ಅದಕ್ಕೆ ಹಣ ಕೊಡಬೇಕು. ತಿಂಗಳಿಗೆ ಎರಡು ಮೂರು ಕೆಲಸ ಹೊರಗೆ ಕಳಿಸುವವರಿಗೆ ಕೊಂಡದ್ದು ಸಾರ್ಥಕ. ವರ್ಷಕ್ಕೊಂದು ಕಿರುಚಿತ್ರ ಮಾಡುವವರು ಅದೇ ಎಕ್ಸ್‌ಎಂಎಲ್ ಅನ್ನು ಉಚಿತ ರಿಸಾಲ್ವ್‌ನಲ್ಲಿ ತೆರೆದು, ಸರಿಯಾಗಿ ಕೂತಿದೆಯಾ ನೋಡಿ, ಅಲ್ಲಿಂದ ಎಎಎಫ್ ತೆಗೆಯಬಹುದು. ಸುತ್ತು ದಾರಿ, ಆದರೆ ದುಡ್ಡು ಉಳಿಯುತ್ತದೆ.

ಫೈನಲ್ ಕಟ್‌ನಲ್ಲಿ ಟ್ರ್ಯಾಕ್ ಎಂಬುದೇ ಇಲ್ಲ, ರೋಲ್ ಇದೆ. ಮಾತು, ಸಂಗೀತ, ಎಫೆಕ್ಟ್ ಎಂದು ರೋಲ್ ಹಚ್ಚಿರಿ. ಹಚ್ಚದಿದ್ದರೆ ಆ ಕಡೆ ತುಣುಕುಗಳು ಎಲ್ಲೆಂದರಲ್ಲಿ ಚೆಲ್ಲಾಪಿಲ್ಲಿಯಾಗಿ ಬೀಳುತ್ತವೆ.

ಎಕ್ಸ್‌ಎಂಎಲ್‌ನಲ್ಲಿ ಎರಡು ಬಗೆ ಇವೆ ಎಂಬುದು ನೆನಪಿರಲಿ. ಪ್ರೀಮಿಯರ್ ಕೊಡುವುದು ಹಳೆಯ ಫೈನಲ್ ಕಟ್ 7ರ ಬಗೆಯದು. ಇಂದಿನ ಫೈನಲ್ ಕಟ್ ಕೊಡುವುದು ಬೇರೆ. ಒಂದನ್ನು ಓದುವ ಸಾಫ್ಟ್‌ವೇರ್ ಇನ್ನೊಂದನ್ನು ಓದಲೇಬೇಕು ಎಂದೇನೂ ಇಲ್ಲ. ಎರಡರಲ್ಲೂ ಧ್ವನಿ ಒಳಗೆ ಇರುವುದಿಲ್ಲ, ಮೂಲ ಫೈಲ್‌ಗಳನ್ನು ಬೇರೆಯಾಗಿ ಕಳಿಸಬೇಕು.

ಇಡಿಎಲ್ ಬಗ್ಗೆ ಎರಡು ಮಾತು ಸಾಕು. ಎಡಿಟ್ ಡಿಸಿಷನ್ ಲಿಸ್ಟ್ ಎಂಬ ಇದು ಕಟ್‌ಗಳನ್ನು ಬರೆದಿಟ್ಟ ಬರೀ ಅಕ್ಷರಗಳ ಪಟ್ಟಿ. ಹೆಚ್ಚು ಬಳಕೆಯಲ್ಲಿರುವ ಸಿಎಂಎಕ್ಸ್ 3600 ಬಗೆಯಲ್ಲಿ ಆಡಿಯೊಗೆ 4 ಚಾನೆಲ್ ಮಾತ್ರ. ಧ್ವನಿ ಸಾಗಿಸಲು ಇದನ್ನು ಆರಿಸಬೇಡಿ. ಚಿತ್ರ ಬದಲಾದಾಗ ಏನೇನು ಬದಲಾಯಿತು ಎಂದು ತಿಳಿಸಲು ಜೊತೆಗೆ ಕೊಟ್ಟರೆ ಉಪಯೋಗ.

ಸ್ಟೆಮ್: ಎಲ್ಲಿಯೂ ತೆರೆಯುತ್ತದೆ, ಹಿಂದೆ ಹೋಗಲು ಬರುವುದಿಲ್ಲ

ಪ್ರತಿ ಟ್ರ್ಯಾಕ್ ಅಥವಾ ಗುಂಪನ್ನು ಮೊದಲಿಂದ ಕೊನೆವರೆಗೆ ಒಂದೊಂದು ವೇವ್ ಫೈಲ್ ಮಾಡಿ ಕೊಡುವುದು ಈ ದಾರಿ. ಎಲ್ಲವೂ ಒಂದೇ ಜಾಗದಿಂದ ಶುರುವಾಗುವುದರಿಂದ ಆ ಕಡೆಯವರು ಎಳೆದು ಹಾಕಿದರೆ ಆಯಿತು. ಯಾವ ಸಾಫ್ಟ್‌ವೇರ್ ಆದರೂ ಸೈ. ಆವೃತ್ತಿ ಜಗಳ ಇಲ್ಲ, ಲಿಂಕ್ ಕಳೆಯುವ ಭಯ ಇಲ್ಲ.

ಕಳೆದುಕೊಳ್ಳುವುದು ಹ್ಯಾಂಡಲ್ ಮತ್ತು ಬಿಡಿತನ. ನಾದಿದ ಹಿಟ್ಟಿನಿಂದ ಉಪ್ಪು ತೆಗೆಯಲು ಆಗದ ಹಾಗೆ, ಒಮ್ಮೆ ಸ್ಟೆಮ್‌ನಲ್ಲಿ ಸೇರಿದ ಫೇಡ್, ಎಫೆಕ್ಟ್, ಒಂದರ ಮೇಲೊಂದು ಬಿದ್ದ ಎರಡು ಮಾತು ಬೇರೆಯಾಗುವುದಿಲ್ಲ. ಮಗ್ಗದ ಸದ್ದಿನ ಉದಾಹರಣೆ ಹೇಳಿದೆನಲ್ಲ, ಅಲ್ಲಿ ಸ್ಟೆಮ್ ಕೊಟ್ಟರೆ ಕೈ ಕಟ್ಟಿದಂತೆ.

ಆದರೂ ಸ್ಟೆಮ್ ಅನ್ನು ಕೀಳಾಗಿ ನೋಡಬಾರದು. ಮೊಬೈಲ್‌ನಲ್ಲೇ ಎಡಿಟ್ ಮಾಡುವವರಿಗೆ ಬಹುತೇಕ ಇದೊಂದೇ ದಾರಿ. ಅಲ್ಲಿ ಮಾಡುವ ಕ್ರಮ ಹೀಗೆ: ಟೈಮ್‌ಲೈನ್ ಮುಗಿದ ಮೇಲೆ ಸಂಗೀತ, ಎಫೆಕ್ಟ್ ಎಲ್ಲ ಮ್ಯೂಟ್ ಮಾಡಿ ಮಾತು ಮಾತ್ರ ಒಮ್ಮೆ ಎಕ್ಸ್‌ಪೋರ್ಟ್ ಮಾಡಿ. ಆಮೇಲೆ ಮಾತು ಮ್ಯೂಟ್ ಮಾಡಿ ಸಂಗೀತ ಮಾತ್ರ. ಮೂರನೇ ಸಲ ಎಫೆಕ್ಟ್ ಮಾತ್ರ. ಮೂರರ ಉದ್ದವೂ ಒಂದೇ ಇರಬೇಕು, ಯಾವುದನ್ನೂ ಮುಂದೆ ಹಿಂದೆ ಟ್ರಿಮ್ ಮಾಡಬಾರದು. ಈ ಸ್ವಲ್ಪ ಶ್ರಮದಿಂದ ಮಿಕ್ಸ್‌ನ ಗುಣ ಬಹಳ ಮೇಲೇರುತ್ತದೆ. ಎಲ್ಲ ಸೇರಿಸಿದ ಒಂದೇ ಸ್ಟೀರಿಯೊ ಕೊಟ್ಟು "ಮಾತು ಸ್ವಲ್ಪ ಜೋರು ಮಾಡ್ರಿ, ಹಾಡು ಕಡಿಮೆ ಮಾಡ್ರಿ" ಎಂದರೆ ಯಾರಿಗೂ ಅದನ್ನು ಸ್ವಚ್ಛವಾಗಿ ಮಾಡಲು ಆಗುವುದಿಲ್ಲ.

ಬೆಳಗಾವಿಯವರಿಗೆ ಸ್ಟೆಮ್ ಇನ್ನೊಂದು ಕಾರಣಕ್ಕೂ ಬೇಕು. ಅಲ್ಲಿ ಒಂದೇ ವಿಡಿಯೊವನ್ನು ಕನ್ನಡದಲ್ಲೂ ಮರಾಠಿಯಲ್ಲೂ ತರುವ ಕೆಲಸ ಬರುತ್ತದೆ. ಸಂಗೀತ ಮತ್ತು ಎಫೆಕ್ಟ್ ಬೇರೆ ಸ್ಟೆಮ್ ಆಗಿ ಇದ್ದರೆ ಮರಾಠಿ ಮಾತು ರೆಕಾರ್ಡ್ ಮಾಡಿ ಮೇಲೆ ಕೂರಿಸಿದರೆ ಮುಗಿಯಿತು. ಇಲ್ಲದಿದ್ದರೆ ಪೂರ್ತಿ ಮಿಕ್ಸ್ ಮತ್ತೆ ಮಾಡಬೇಕು. ಹಾಗಾಗಿ ಮಿಕ್ಸಿಂಗ್‌ಗೆ ಕಳಿಸುವಾಗ ಎಎಎಫ್ ಕಳಿಸಿದರೂ, ಮಿಕ್ಸ್ ಮುಗಿದ ಮೇಲೆ ಈ ಸ್ಟೆಮ್‌ಗಳನ್ನು ಕೇಳಿ ಪಡೆಯಿರಿ. ದರ ಮಾತಾಡುವಾಗಲೇ ಹೇಳಿಬಿಡಿ. ಕೆಲಸ ಮುಗಿದು ಆರು ತಿಂಗಳಾದ ಮೇಲೆ ಕೇಳಿದರೆ ಸೆಷನ್ ಹುಡುಕುವುದೇ ಒಂದು ಕೆಲಸವಾಗುತ್ತದೆ.

ಸಾಗಿಸದೇ ಇರುವ ದಾರಿ

ಎಡಿಟ್ ಮತ್ತು ಮಿಕ್ಸ್ ಎರಡೂ ಒಂದೇ ಸಾಫ್ಟ್‌ವೇರ್‌ನಲ್ಲಿ ಆದರೆ ಏನನ್ನೂ ಕಳೆದುಕೊಳ್ಳುವುದಿಲ್ಲ. ಇದಕ್ಕೆ ಈಗ ಗಟ್ಟಿ ಉದಾಹರಣೆ ರಿಸಾಲ್ವ್. ಅದನ್ನು ಮಾಡುವ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ 2016ರಲ್ಲಿ ಫೇರ್‌ಲೈಟ್ ಎಂಬ ಆಡಿಯೊ ಕಂಪನಿಯನ್ನು ಕೊಂಡು, 2017ರ ರಿಸಾಲ್ವ್ 14ರಲ್ಲಿ ಅದರ ಮಿಕ್ಸಿಂಗ್ ಸೌಲಭ್ಯವನ್ನು ಒಂದು ಪುಟವಾಗಿ ಸೇರಿಸಿತು. ಎಡಿಟ್ ಪುಟದಲ್ಲಿ ಕಟ್ ಮಾಡಿ, ಫೇರ್‌ಲೈಟ್ ಪುಟ ಒತ್ತಿದರೆ ಅದೇ ಟೈಮ್‌ಲೈನ್ ಮಿಕ್ಸರ್ ಸಮೇತ ತೆರೆದುಕೊಳ್ಳುತ್ತದೆ. ಮಿಕ್ಸ್ ಮಾಡುವಾಗ ಚಿತ್ರ ಬದಲಾದರೂ ಗಾಬರಿ ಇಲ್ಲ.

ಮಿಕ್ಸ್ ಮಾಡುವವರು ಬೇರೆ ಊರಿನಲ್ಲಿದ್ದು ಅವರೂ ರಿಸಾಲ್ವ್ ಬಳಸುತ್ತಿದ್ದರೆ ಪ್ರಾಜೆಕ್ಟ್ ಆರ್ಕೈವ್ ಮಾಡಿ ಕಳಿಸಿ. ಅದು ಮೀಡಿಯಾವನ್ನೂ ಒಟ್ಟುಗೂಡಿಸುತ್ತದೆ. ಸುಮ್ನೆ ಪ್ರಾಜೆಕ್ಟ್ ಎಕ್ಸ್‌ಪೋರ್ಟ್ ಮಾಡಿದರೆ ಮತ್ತೆ ಅದೇ ಸಣ್ಣ ಫೈಲ್ ಕಥೆ. ಆರ್ಕೈವ್‌ನಲ್ಲಿ ವಿಡಿಯೊ ಕೂಡ ಸೇರುವುದರಿಂದ ಗಾತ್ರ ಬಹಳ ದೊಡ್ಡದು, ಹಾರ್ಡ್ ಡಿಸ್ಕ್‌ನಲ್ಲೇ ಕೊಡಬೇಕು. ಹೊಸ ಆವೃತ್ತಿಯ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯುವುದಿಲ್ಲ, ಆದ್ದರಿಂದ ಇಬ್ಬರ ಆವೃತ್ತಿ ಒಂದೇ ಇದೆಯಾ ನೋಡಿಕೊಳ್ಳಿ.

ಅಡೋಬ್ ಚಂದಾ ಇದ್ದವರಿಗೆ ಪ್ರೀಮಿಯರ್‌ನಿಂದ ಆಡಿಷನ್‌ಗೆ ಸೀಕ್ವೆನ್ಸ್ ಕಳಿಸುವ ದಾರಿ ಇದೆ. ಹ್ಯಾಂಡಲ್ ಎಷ್ಟು ಎಂದು ಕೇಳುತ್ತದೆ, ನೀವು ಹಾಕಿದ ಎಫೆಕ್ಟ್‌ಗಳನ್ನೂ ಸಾಗಿಸಬಹುದು. ಒಬ್ಬರೇ ಒಂದೇ ಕಂಪ್ಯೂಟರ್‌ನಲ್ಲಿ ಎಡಿಟ್ ಮತ್ತು ಮಿಕ್ಸ್ ಮಾಡುವವರಿಗೆ ಇದು ಸಲೀಸು. ಬೇರೆಯವರಿಗೆ ಕೊಡುವ ಕೆಲಸಕ್ಕೆ ಅಷ್ಟಾಗಿ ಹೊಂದುವುದಿಲ್ಲ.

ಈ ದಾರಿಯ ನಿಜವಾದ ಬೆಲೆ ಹಣದಲ್ಲಿ ಇಲ್ಲ, ಕಿವಿಯಲ್ಲಿ ಇದೆ. ಎಡಿಟ್ ಮಾಡುತ್ತ ಒಂದೇ ಮಾತನ್ನು ನೂರು ಸಲ ಕೇಳಿದವರಿಗೆ ಅದು ಸ್ಪಷ್ಟವಾಗಿಯೇ ಕೇಳುತ್ತದೆ. ಮೊದಲ ಸಲ ಕೇಳುವವರಿಗೆ ಅರ್ಥವಾಗುತ್ತದಾ ಎಂದು ಹೇಳಲು ಇನ್ನೊಬ್ಬರ ಕಿವಿ ಬೇಕು. ಅದಕ್ಕೇ ಸಾಧ್ಯವಿದ್ದರೆ ಮಿಕ್ಸ್ ಬೇರೆಯವರಿಂದ ಮಾಡಿಸಿ ಎನ್ನುತ್ತೇನೆ.

ರೀಪರ್ ಬಳಸುವವರ ಬಗ್ಗೆ

ನಮ್ಮ ಕಡೆ ಸೌಂಡ್ ಕೆಲಸ ಕಲಿಯುತ್ತಿರುವ ಹುಡುಗ ಹುಡುಗಿಯರಲ್ಲಿ ರೀಪರ್ ಬಳಸುವವರು ಇದ್ದಾರೆ. ಅದಕ್ಕೆ ಕಾರಣವೂ ಇದೆ. 60 ದಿನ ಪರೀಕ್ಷೆಗೆ ಬಳಸಬಹುದು, ಆಮೇಲೆ ಸಣ್ಣ ಆದಾಯದವರಿಗೆ ಲೈಸೆನ್ಸ್ 60 ಡಾಲರ್. ಆದರೆ ರೀಪರ್ ಎಎಎಫ್, ಒಎಂಎಫ್ ಎರಡನ್ನೂ ತಾನಾಗಿ ತೆರೆಯುವುದಿಲ್ಲ. ಎಎಟ್ರಾನ್ಸ್‌ಲೇಟರ್ ಎಂಬ ವಿಂಡೋಸ್ ಸಾಫ್ಟ್‌ವೇರ್ ಎಎಎಫ್ ಅನ್ನು ರೀಪರ್ ಪ್ರಾಜೆಕ್ಟ್ ಮಾಡಿ ಕೊಡುತ್ತದೆ, ಅದೂ ಹಣಕ್ಕೆ. ಅದು ಬೇಡವಾದರೆ ಸ್ಟೆಮ್ ಪಡೆಯಬೇಕು. ರೀಪರ್‌ನವರು ಸ್ಟೆಮ್ ಕೇಳುವಾಗ ಮಾತಿನ ಟ್ರ್ಯಾಕ್‌ಗಳನ್ನು ಪಾತ್ರಕ್ಕೊಂದರಂತೆ ಬೇರೆ ಬೇರೆ ಕೇಳಿ, ಜೊತೆಗೆ ಕತ್ತರಿಸದ ಮೂಲ ರೆಕಾರ್ಡಿಂಗ್‌ಗಳ ಫೋಲ್ಡರ್ ಕೂಡ ಕೇಳಿ. ತೊಂದರೆ ಇರುವ ಸಾಲಿಗೆ ಮೂಲದಿಂದ ಧ್ವನಿ ತಂದು ಕೂರಿಸಬಹುದು. ಹ್ಯಾಂಡಲ್ ಇಲ್ಲದ ಕೊರತೆ ಅಷ್ಟರಮಟ್ಟಿಗೆ ತುಂಬುತ್ತದೆ.

ಯಾವ ದಾರಿಯಾದರೂ ಇವು ಬೇಕು

ನೋಡಿಕೊಳ್ಳುವ ವಿಡಿಯೊ ಒಂದನ್ನು ಕಡ್ಡಾಯವಾಗಿ ಕಳಿಸಿ. ಅದರಲ್ಲಿ ಎಡಿಟ್‌ನ ಧ್ವನಿ ಹಾಗೇ ಇರಲಿ, ಟೈಮ್‌ಕೋಡ್ (ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್‌ನ ಎಣಿಕೆ) ಚಿತ್ರದ ಮೇಲೆ ಕಾಣುತ್ತಿರಲಿ. ಎಎಎಫ್ ತೆರೆದಾಗ ಒಂದು ತುಣುಕು ಜರುಗಿದ್ದರೆ ಆ ವಿಡಿಯೊದ ಧ್ವನಿಯ ಜೊತೆ ಕೇಳಿ ನೋಡಿದ ಕೂಡಲೇ ಗೊತ್ತಾಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ವಿಡಿಯೊ ಆಗಿ ಕಳಿಸಿದರೆ ಅದು ಮತ್ತೆ ಒತ್ತಿ ಕುಗ್ಗಿಸುತ್ತದೆ.

ಶುರುವಿನಲ್ಲಿ ಒಂದು ಬೀಪ್ ಇಡಿ. ಸಿನಿಮಾ ಕೆಲಸದಲ್ಲಿ ಇದಕ್ಕೆ ಟೂ ಪಾಪ್ ಎನ್ನುತ್ತಾರೆ. ಚಿತ್ರ 01:00:00:00ಕ್ಕೆ ಶುರುವಾದರೆ ಅದಕ್ಕೆ ಸರಿಯಾಗಿ 2 ಸೆಕೆಂಡ್ ಮೊದಲು, 00:59:58:00ಕ್ಕೆ, ಒಂದು ಫ್ರೇಮ್ ಉದ್ದದ 1 ಕಿಲೊಹರ್ಟ್ಸ್ ಸದ್ದು. ಮಿಕ್ಸ್ ವಾಪಸ್ ಬಂದಾಗ ಬೀಪ್ ಮೇಲೆ ಬೀಪ್ ಕೂರಿಸಿದರೆ ಇಡೀ ಚಿತ್ರ ಹೊಂದಿಕೊಳ್ಳುತ್ತದೆ. ಕೊನೆಗೂ ಒಂದು ಬೀಪ್ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಮಧ್ಯೆ ಧ್ವನಿ ಜಾರಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಜಾರುವುದಕ್ಕೆ ಕಾರಣ ಸಾಮಾನ್ಯವಾಗಿ ಫ್ರೇಮ್ ರೇಟ್. 24 ಮತ್ತು 23.976 ಒಂದೇ ಎಂದುಕೊಂಡರೆ ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸ ಬರುತ್ತದೆ. ಫೋನಿನಲ್ಲಿ ಶೂಟ್ ಮಾಡಿದ ವಿಡಿಯೊದಲ್ಲಿ ಫ್ರೇಮ್ ರೇಟ್ ಏರಿಳಿಯುತ್ತಿರುತ್ತದೆ. ಎಡಿಟ್‌ಗೆ ತೆಗೆದುಕೊಳ್ಳುವ ಮೊದಲೇ ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದೇ ಸ್ಥಿರ ಫ್ರೇಮ್ ರೇಟ್‌ಗೆ ಬದಲಿಸಿಕೊಳ್ಳಿ. ಧ್ವನಿ ಎಲ್ಲ ಕಡೆ 48 ಕಿಲೊಹರ್ಟ್ಸ್ ಇರಲಿ. ಹಾಡಿನ ಸ್ಟುಡಿಯೊದಿಂದ ಬಂದ ಫೈಲ್ 44.1 ಇರುವ ಸಾಧ್ಯತೆ ಇದೆ, ಅದನ್ನು ಮೊದಲೇ ಬದಲಿಸಿ.

ಫೈಲ್ ಹೆಸರುಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಕನ್ನಡದಲ್ಲಿ ಇಟ್ಟ ಹೆಸರು ಹಳೆಯ ಸಾಫ್ಟ್‌ವೇರ್‌ಗೆ ಹೋದಾಗ ಅರ್ಥವಿಲ್ಲದ ಚಿಹ್ನೆಗಳಾಗಿ, ಲಿಂಕ್ ಕಡಿದು ಹೋಗಬಹುದು.

ಯಾರಿಗೆ ಯಾವುದು

ಗೋಲಗುಮ್ಮಟ, ಐಹೊಳೆ, ಪಟ್ಟದಕಲ್ಲು ಇಂಥ ಜಾಗಗಳ ಮೇಲೆ ಡಾಕ್ಯುಮೆಂಟರಿ ಮಾಡುತ್ತಿದ್ದರೆ ಲಿಂಕ್ ಮಾಡಿದ ಎಎಎಫ್, ಉದ್ದ ಹ್ಯಾಂಡಲ್. ಇದರಲ್ಲಿ ರಾಜಿ ಬೇಡ. ಆ ಜಾಗದ ಸದ್ದೇ ನಿಮ್ಮ ಚಿತ್ರದ ಅರ್ಧ. ಸಂಭಾಷಣೆ ಹೆಚ್ಚಿರುವ ಕಿರುಚಿತ್ರ ಹುಬ್ಬಳ್ಳಿಗೋ ಬೆಂಗಳೂರಿಗೋ ಮಿಕ್ಸಿಂಗ್‌ಗೆ ಹೋಗುತ್ತಿದ್ದರೆ ಅದಕ್ಕೂ ಎಎಎಫ್, 5 ಸೆಕೆಂಡ್ ಹ್ಯಾಂಡಲ್.

ವಾರಕ್ಕೆ ಎರಡು ಕಾಮಿಡಿ ಕಂತು ಹಾಕುವ ಬಾಗಲಕೋಟೆಯ ತಂಡಕ್ಕೆ ಬೇರೆಯವರಿಗೆ ಕಳಿಸಿ ಕಾಯುವ ಸಮಯ ಇರುವುದಿಲ್ಲ. ಅವರು ಉಚಿತ ರಿಸಾಲ್ವ್‌ಗೆ ಬಂದು ಫೇರ್‌ಲೈಟ್ ಕಲಿಯುವುದು ಒಳ್ಳೆಯದು. ಮೊಬೈಲ್ ಬಿಡಲು ಆಗದಿದ್ದರೆ ಮೂರು ಸ್ಟೆಮ್.

ಮದುವೆ ವಿಡಿಯೊದವರಿಗೆ ಸಾಗಣೆಯ ಖರ್ಚು ಗಿಟ್ಟುವುದಿಲ್ಲ. ಮಾತು, ವಾಲಗ, ಹಾಡು ಮೂರನ್ನು ಬೇರೆ ಟ್ರ್ಯಾಕ್‌ನಲ್ಲಿ ಇಟ್ಟು ಎಡಿಟ್ ಸಾಫ್ಟ್‌ವೇರ್‌ನಲ್ಲೇ ಮುಗಿಸಿ.

ಜಾತ್ರೆಯ ನಾಟಕ, ಶ್ರೀಕೃಷ್ಣ ಪಾರಿಜಾತದಂಥ ಉದ್ದ ಪ್ರದರ್ಶನ ರೆಕಾರ್ಡ್ ಮಾಡಿದವರಿಗೆ ನನ್ನ ಸಲಹೆ ಸ್ವಲ್ಪ ತಿರುಗುಮುರುಗು. ಅಲ್ಲಿ ಕಟ್ ಕಡಿಮೆ, ಧ್ವನಿ ಉದ್ದಕ್ಕೂ ಹರಿಯುತ್ತದೆ. ಹಾಗಾಗಿ ಎಡಿಟ್‌ಗೂ ಮೊದಲೇ ಎಲ್ಲ ಮೈಕ್‌ಗಳ ಮೂಲ ರೆಕಾರ್ಡಿಂಗ್ ಅನ್ನು ಮಿಕ್ಸ್ ಮಾಡಿಸಿ. ಬಂದ ಸ್ಟೀರಿಯೊ ಮಿಕ್ಸ್ ಅನ್ನು ಕ್ಯಾಮೆರಾ ಧ್ವನಿಯ ಜೊತೆ ಹೊಂದಿಸಿ, ಆಮೇಲೆ ಚಿತ್ರ ಕತ್ತರಿಸಿ. ಸಾಗಿಸುವ ತೊಡಕೇ ಬರುವುದಿಲ್ಲ. 12 ಜಿಬಿ ಇರುವುದರಿಂದ ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್‌ನಲ್ಲಿ ಕೊಡಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಂಡೇ ಕೊಡಿ.

ಮೊದಲ ಸಲ ಒಂದು ಸ್ಟುಡಿಯೊ ಜೊತೆ ಕೆಲಸ ಮಾಡುವವರು ಪೂರ್ತಿ ಚಿತ್ರ ಕಳಿಸುವ ಮೊದಲು ಒಂದೇ ನಿಮಿಷದ ಟೈಮ್‌ಲೈನ್ ಮಾಡಿ ಕಳಿಸಿ. ಅದರಲ್ಲಿ ಒಂದು ಫೇಡ್, ಒಂದು ಸ್ಟೀರಿಯೊ ಹಾಡು, ಒಂದು ಮೊನೊ ಮಾತು, ವಾಲ್ಯೂಮ್ ಗೆರೆ ಎಳೆದ ಒಂದು ತುಣುಕು ಇರಲಿ. ಅವರು ಅದನ್ನು ತೆರೆದು ಸ್ಕ್ರೀನ್‌ಶಾಟ್ ಕಳಿಸಲಿ. ನಿಮ್ಮ ಟೈಮ್‌ಲೈನ್ ಪಕ್ಕ ಇಟ್ಟು ನೋಡಿ. ಹೊಂದಿದರೆ ಪೂರ್ತಿ ಚಿತ್ರವನ್ನು ಅದೇ ಸೆಟ್ಟಿಂಗ್‌ನಲ್ಲಿ ತೆಗೆಯಿರಿ. ಹೊಂದದಿದ್ದರೆ ಮೊದಲು ಮೊನೊ ಸ್ಟೀರಿಯೊ ಸೆಟ್ಟಿಂಗ್ ನೋಡಿ, ಆಮೇಲೆ ಫ್ರೇಮ್ ರೇಟ್, ಆಮೇಲೆ ಲಿಂಕ್ ಫೋಲ್ಡರ್.